ಶಾಂತಕ್ಕ ಕಾದಂಬರಿ ಮುಗಿಸಿದ್ದು

ಮೊನ್ನೆ ಮೈಸೂರಿನ ಹೋಟೆಲೊಂದರಲ್ಲಿ ಪಕ್ಕದ ಮೇಜಿನವರು ಪೆಸರಟ್ಟು ತರಿಸಿಕೊಂಡರು. ಹೆಸರುಕಾಳಿನ ಹಸಿರು ದೋಸೆ, ಮೇಲೆ ಹೆಚ್ಚಿದ ಹಸಿಶುಂಠಿ. ಅದರ ಘಮಲು ಮೂಗಿಗೆ ತಾಗಿದ್ದೇ ತಡ, ನಾನು ತೊಂಬತ್ತರ ದಶಕದ ವಿಶಾಖಪಟ್ಟಣದಲ್ಲಿ, ಶಾಂತಕ್ಕನ ಅಡುಗೆಮನೆಯ ಹೊಸ್ತಿಲ ಬಳಿ ಕುಳಿತಿದ್ದೆ. ಎದುರಿನ ಇಡ್ಲಿ ತಣ್ಣಗಾಯಿತು. ನಿಮಗೂ ಹೀಗೆ ಆಗಿರುತ್ತದೆ. ಮೂಗಿಗಿರುವ ಜ್ಞಾಪಕಶಕ್ತಿ ತಲೆಗಿಲ್ಲ.

ಬ್ಯಾಂಕಿನವರು ನನ್ನನ್ನು ಆ ಊರಿಗೆ ವರ್ಗ ಮಾಡಿದ್ದರು. ಸಿಂಹಾಚಲಂ ದಾರಿಯಲ್ಲಿ ಒಂದು ಮಹಡಿ ಬಾಡಿಗೆಗೆ ಹಿಡಿದೆ. ಕೆಳಗೆ ಮನೆಯ ಯಜಮಾನರು, ಬಂದರಿನ ನೌಕರಿಯಿಂದ ನಿವೃತ್ತರಾದ ತೆಲುಗಿನವರು, ರಾವುಗಾರು. ಅವರ ಹೆಂಡತಿಯೇ ಶಾಂತಕ್ಕ, ಗುಳೇದಗುಡ್ಡದ ನೇಕಾರರ ಮನೆಯ ಮಗಳು. ಮದುವೆಯಾಗಿ ಬಂದ ಮೇಲೆ ಆಕೆಯ ಸಂಸಾರವೆಲ್ಲ ತೆಲುಗಿನಲ್ಲೇ ನಡೆದಿತ್ತು. ನಾನು ಸಾಮಾನು ಇಳಿಸುವಾಗ ಕಾಲ ಮೇಲೆ ಬಿದ್ದ ಟ್ರಂಕಿಗೆ ಕನ್ನಡದಲ್ಲಿ ಬೈದದ್ದು ಕೇಳಿ ಹೊರಗೆ ಬಂದು, “ನೀ ನಮ್ಮಾಂವ ಏನೋ ತಮ್ಮಾ?” ಎಂದರು. ನನ್ನ ಬಾಯಿಯಿಂದ ಬಂದ ಬೈಗುಳ ಒಳ್ಳೆಯ ಫಲ ಕೊಟ್ಟದ್ದು ಅದೊಂದೇ ಸಲ.

ನಾನಾಗ ಕಾದಂಬರಿಕಾರನಾಗಲು ಹೊರಟಿದ್ದೆ. ಅಂದರೆ, ಮೊದಲ ಅಧ್ಯಾಯಗಳನ್ನು ಬರೆಯುತ್ತಿದ್ದೆ. ಒಂದನ್ನು ತಿದ್ದಿ ನುಣುಪು ಮಾಡುವಷ್ಟರಲ್ಲಿ ಅದಕ್ಕಿಂತ ಚೆಂದದ ಇನ್ನೊಂದು ಕಾದಂಬರಿಯ ಮೊದಲ ಅಧ್ಯಾಯ ಹೊಳೆಯುತ್ತಿತ್ತು. ಒಂದು ಭಾನುವಾರ ಶಾಂತಕ್ಕನಿಗೆ ಓದಿ ಹೇಳಿದೆ. ಆಕೆ ಒಗ್ಗರಣೆ ಹಾಕುತ್ತಲೇ ಕೇಳಿ, “ಚಲೋ ಐತಿ. ಮುಂದ?” ಎಂದರು.

“ಮುಂದೆ ಇನ್ನೂ ಬರ್ದಿಲ್ಲ ಶಾಂತಕ್ಕ. ಇದನ್ನೇ ಇನ್ನೊಂಚೂರು ತಿದ್ದಬೇಕು.”

“ಬಾಗಲಕ್ಕ ಬಣ್ಣಾ ಬಳ್ಕೋತ ಕುಂತ್ರ ಮನಿ ಯಾವಾಗ ಕಟ್ಟಾಂವ?”

ಅಡುಗೆಮನೆಯ ಈ ವಿಮರ್ಶೆ ಎಲ್ಲಿಂದ ಬಂತು ಎಂಬುದು ನನಗೆ ಆಮೇಲೆ ತಿಳಿಯಿತು. ಆಕೆಯೂ ಒಂದು ಕಾದಂಬರಿ ಬರೆಯುತ್ತಿದ್ದರು. ಮಧ್ಯಾಹ್ನ ಊಟವಾಗಿ ರಾವುಗಾರು ಅಡ್ಡಾದ ಮೇಲೆ, ಗ್ಯಾಸ್ ಒಲೆಯ ಪಕ್ಕದ ಕಟ್ಟೆಯ ಮೇಲೆಯೇ ಹಾಳೆ ಇಟ್ಟುಕೊಂಡು ನಿಂತು ಬರೆಯುವುದು. ಕೂತರೆ ನಿದ್ದೆ ಬರುತ್ತದಂತೆ. ಕಾಶವ್ವ ಎಂಬ ನೇಕಾರ ಹೆಂಗಸಿನ ಕತೆ. ಗಂಡ ಬಿಟ್ಟುಹೋದ ಮೇಲೆ ಆಕೆ ಮಗ್ಗದಲ್ಲಿ ಕುಳಿತು ಮಕ್ಕಳನ್ನು ಸಾಕುತ್ತಾಳೆ. ಮುಪ್ಪಿನಲ್ಲಿ ಗಂಡ ತಿರುಗಿ ಬಂದು ಬಾಗಿಲು ಬಡಿಯುತ್ತಾನೆ.

ಆ ಹಾಳೆಗಳಲ್ಲಿ ಅಲ್ಲಲ್ಲಿ ಖಾಲಿ ಜಾಗಗಳಿದ್ದವು. ಏನೆಂದು ಕೇಳಿದೆ.

“ಕನ್ನಡ ಶಬ್ದ ನೆನಪಾಗಲಿಲ್ಲಂದ್ರ ಜಾಗಾ ಬಿಟ್ಟು ಮುಂದ ಹೊಕ್ಕೀನಿ. ಶಬ್ದಕ್ಕ ಕಾಯ್ಕೋತ ಕುಂತ್ರ ಕತಿ ಎದ್ದು ಹೊಕ್ಕೈತಿ,” ಎಂದರು. ಹಾಳೆ ಜೋಡಿಸುತ್ತಾ, “ನನ್ನ ಕನ್ನಡ ದಿನಾ ಸವದು ಹೊಂಟೈತಿ ತಮ್ಮಾ. ಇದು ಮುಗಿಯೂದ್ರೊಳಗ ಅದು ಮುಗೀಬಾರ್ದು ನೋಡು.”

ಒಂದು ಖಾಲಿ ಜಾಗ ಮಾತ್ರ ಆಕೆಯನ್ನು ಬಹಳ ಕಾಡುತ್ತಿತ್ತು. ನೇಕಾರರು ಕಾಲು ಇಳಿಬಿಟ್ಟು ಕೂರಲು ಮಗ್ಗದ ಕೆಳಗೆ ಒಂದು ತಗ್ಗು ಇರುತ್ತದಲ್ಲ, ಅದರ ಹೆಸರು. ಹುಟ್ಟಿದ ಮನೆಯಲ್ಲಿ ದಿನವೂ ಕೇಳಿದ ಶಬ್ದ. ಆದರೆ ಬಾಯಿಗೆ ಬರುತ್ತಿದ್ದುದು ತೆಲುಗಿನ ‘ಗುಂಟ’. ನಾನು ಹಳೇ ಮೈಸೂರಿನವನು. ಮಗ್ಗವನ್ನು ಕಂಡದ್ದೇ ಚಿತ್ರದಲ್ಲಿ. ಅದಕ್ಕಿಂತ ದೊಡ್ಡ ತೊಡಕೆಂದರೆ ಕಡೆಯ ಅಧ್ಯಾಯ. ಕಾಶವ್ವನ ಗಂಡ ವರ್ಷದಿಂದ ಬಾಗಿಲ ಹೊರಗೇ ನಿಂತಿದ್ದ. “ಬಾಗಲಾ ತಗದ್ರ ಆಕಿಗೆ ಅನ್ಯಾಯ. ತಗೀಲಿಲ್ಲಂದ್ರ ನನಗ ನಿದ್ದಿ ಇಲ್ಲ,” ಎನ್ನುತ್ತಿದ್ದರು.

ಆ ಚಳಿಗಾಲದಲ್ಲಿ ನನಗೆ ವಿಜಯವಾಡದಲ್ಲಿ ಬ್ಯಾಂಕಿನ ಕೆಲಸ ಬಿತ್ತು. ಶಾಂತಕ್ಕನ ಮಗಳು ಅಲ್ಲೇ ಇದ್ದಳು. ಅಳಿಯನಿಗೆ ಆಟೋನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡು. ಮಗಳನ್ನು ನೋಡಲು ಆಕೆಯೂ ನನ್ನ ಜೊತೆ ಬಂದರು. ಮರುದಿನ ನನ್ನ ಕೆಲಸ ಮುಗಿದ ಹೊತ್ತಿಗೆ, “ಸ್ಟೇಶನ್ನಿಗೆ ಹೋಗೂಣು ನಡಿ. ಹುಬ್ಬಳ್ಳಿ ಗಾಡಿ ನಿಂತಿರ್ತೈತಿ,” ಎಂದರು. ಯಾರನ್ನೋ ಕಳಿಸಲಿಕ್ಕೆಂದುಕೊಂಡೆ. ಅಲ್ಲ, ಶಬ್ದ ಕೇಳಲಿಕ್ಕೆ.

ಗಾಡಿ ಹೊರಡಲು ಹೊತ್ತಿತ್ತು. ಶಾಂತಕ್ಕ ಒಂದೊಂದೇ ಕಿಟಕಿಯ ಮುಂದೆ ಕಿವಿಗೊಟ್ಟು ನಡೆದು, ಕನ್ನಡ ಕೇಳಿಸಿದ ಕಡೆ ನಿಂತರು. ಒಳಗೆ ಗದಗಿನ ಕಡೆಯ ಒಬ್ಬ ಹೆಂಗಸು ಬುತ್ತಿ ಬಿಚ್ಚುತ್ತಿದ್ದಳು. ಶಾಂತಕ್ಕ ಸರಳು ಹಿಡಿದು ತಮ್ಮ ಪ್ರಶ್ನೆ ಕೇಳಿದರು. ನಾನು ನಾಚಿಕೆಯಿಂದ ಟೀ ಅಂಗಡಿ ನೋಡುತ್ತಾ ನಿಂತೆ.

“ಕುಣಿ ಅಂತಾರ,” ಎಂದಳು ಆಕೆ. “ಯಾಕವಾ, ಮಗ್ಗಾ ಹಾಕ್ತೀಯೇನು?”

“ಇಲ್ಲವಾ. ಒಂದು ಕತಿ ಬರ್ಯಾಕತ್ತೀನಿ.”

“ಯಾರ ಕತಿ?”

ಶಾಂತಕ್ಕ ಹೇಳತೊಡಗಿದರು. ಆ ಹೆಂಗಸು ರೊಟ್ಟಿ ಮುರಿಯುವುದನ್ನೂ ಬಿಟ್ಟು ಕೇಳಿದಳು. ಪಕ್ಕದವರೂ ಕಿಟಕಿಯತ್ತ ಸರಿದರು. ಗಂಡ ಬಾಗಿಲು ಬಡಿಯುವಲ್ಲಿಗೆ ಬರುವಷ್ಟರಲ್ಲಿ ಗಾಡಿ ಅಲುಗಿತು.

“ಬಾಗಲಾ ತಗದ್ಳೋ ಇಲ್ಲೋ? ಅದಷ್ಟು ಹೇಳಿಬಿಡವಾ,” ಎಂದಳು ಆಕೆ, ಮುಖವನ್ನು ಸರಳಿಗೆ ಒತ್ತಿ.

ಶಾಂತಕ್ಕ ಗಾಡಿಯ ಜೊತೆಗೇ ನಡೆಯುತ್ತಿದ್ದರು. “ತಗದ್ಳು,” ಎಂದರು. “ತಗದು, ಉಂಡು ಹೋಗು ಅಂದ್ಳು. ಇರು ಅನ್ನಲಿಲ್ಲ.”

ಕಿಟಕಿಯ ಹೆಂಗಸು ತಲೆದೂಗಿದಳು. ಗಾಡಿ ಹೋಯಿತು. ಶಾಂತಕ್ಕ ಅಲ್ಲೇ ನಿಂತು, ತಾವು ಆಡಿದ ಮಾತನ್ನು ಬೇರೆ ಯಾರೋ ಆಡಿದ್ದೆಂಬಂತೆ ಇನ್ನೊಮ್ಮೆ ಮೆಲ್ಲಗೆ ಹೇಳಿಕೊಂಡರು. “ಕೇಳಾವ್ರು ಊರಿಗೆ ಹೊಂಟಿದ್ರು ನೋಡು ತಮ್ಮಾ. ಹೇಳದ ಬಿಡಾಕ ಆಗಲಿಲ್ಲ,” ಎಂದರು. ಪುಸ್ತಕ ಮುಗಿಸುವ ಬಗ್ಗೆ ದೊಡ್ಡವರು ಹೇಳಿದ್ದನ್ನು ಆಮೇಲೆ ಎಷ್ಟೋ ಕೇಳಿದ್ದೇನೆ, ಓದಿದ್ದೇನೆ. ಇದಕ್ಕಿಂತ ಹೆಚ್ಚಿನದು ಯಾರೂ ಹೇಳಲಿಲ್ಲ.

ಕಾದಂಬರಿ ಮುಗಿಯಿತು. ಹುಬ್ಬಳ್ಳಿಯ ಒಬ್ಬರು ಅಚ್ಚು ಹಾಕಿದರು. ‘ಇರು ಅನ್ನಲಿಲ್ಲ’ ಎಂಬ ಮಾತನ್ನು ಶಾಂತಕ್ಕ ಹೊಡೆದುಹಾಕಿದ್ದರು. “ಅಂದಿಲ್ಲದ್ದನ್ನ ಯಾಕ ಬರೀಬೇಕು?” ಎಂದು ನನ್ನನ್ನೇ ಕೇಳಿದರು.

ಪುಸ್ತಕದ ಕಟ್ಟು ಬಂದ ದಿನ ನಾನೂ ಕೆಳಗಿದ್ದೆ. ಕನ್ನಡದ ಅಕ್ಷರ ತೆಲುಗಿನವರಿಗೆ ಪೂರ್ತಿ ಪರಕೀಯವಲ್ಲ. ಕಾಶವ್ವನ ಕತೆಯನ್ನು ಹೆಂಡತಿಯ ಬಾಯಲ್ಲಿ ಬಾಗಿಲು ಬಡಿಯುವವರೆಗೆ ಕೇಳಿದ್ದ ರಾವುಗಾರು ಕನ್ನಡಕ ಏರಿಸಿ, ನೇರ ಕಡೆಯ ಪುಟ ತೆಗೆದು, ಬೆರಳಿಟ್ಟು ಅಕ್ಷರ ಕೂಡಿಸತೊಡಗಿದರು. ‘ಉಂಡು’ ಎಂಬಲ್ಲಿಗೆ ಬಂದು ಬೆರಳು ನಿಂತಿತು. ತೆಲುಗಿನಲ್ಲಿ ‘ಉಂಡು’ ಎಂದರೆ ‘ಇರು’ ಎಂದರ್ಥ. ಪಕ್ಕದ ‘ಹೋಗು’ ಅವರ ಕಣ್ಣಿಗೆ ಬಿತ್ತೋ ಇಲ್ಲವೋ ಕಾಣೆ.

“ಉಂಡು ಅಂದಿ,” ಎಂದರು ಮುಖವೆಲ್ಲ ಅರಳಿಸಿ. “ಮಂಚಿ ಪನಿ ಚೇಸಿಂದಿ.” ಇರು ಅಂದಳು, ಒಳ್ಳೆಯ ಕೆಲಸ ಮಾಡಿದಳು.

ನಾನು ತಿದ್ದಲೆಂದು ಬಾಯಿ ತೆರೆದೆ. ಶಾಂತಕ್ಕ ಕಣ್ಣಲ್ಲೇ ತಡೆದರು. ಆಮೇಲೆ ಅಡುಗೆಮನೆಯಲ್ಲಿ, “ಅವರು ಓದಿದ್ದು ಅವರಿಗೆ ಇರಲಿ ಬಿಡು. ನಾ ಬರಿಯೂದು ಮುಗೀತು,” ಎಂದರು.

ನನ್ನದೂ ಈಗ ಒಂದೆರಡು ಪುಸ್ತಕ ಬಂದಿವೆ. ಮೊನ್ನೆ ಆ ಹೋಟೆಲಿನಲ್ಲೇ ಒಬ್ಬರು ಗುರುತು ಹಿಡಿದು ಬಂದು ಕೂತು, ನನ್ನ ಕತೆಯೊಂದಕ್ಕೆ ನಾನು ಕನಸಿನಲ್ಲೂ ಎಣಿಸದ ಅರ್ಥ ಹೇಳಿದರು. ಹಿಂದೆಯಾಗಿದ್ದರೆ ವಾದಕ್ಕೆ ನಿಲ್ಲುತ್ತಿದ್ದೆ. ಮೊನ್ನೆ ಅವರಿಗೂ ಒಂದು ಕಾಫಿ ಹೇಳಿ, ಪೂರ್ತಿ ಕೇಳಿದೆ.