ಸಣ್ಣ ಗುಡ್ಡದ ಗಿಡ, ದೊಡ್ಡ ಗುಡ್ಡದ ಗಿಡ

ಹೈದರಾಬಾದಿನ ಪಶ್ಚಿಮಕ್ಕೆ ಗಾಜಿನ ಕಟ್ಟಡಗಳು ಏಳತೊಡಗಿದ್ದ ಕಾಲ. ನಾನು ಸಸ್ಯಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಅಮೀರ್‌ಪೇಟ್ ಹಾಸ್ಟೆಲಿನಲ್ಲಿ ಜಾವಾ ಕಲಿಯುತ್ತಿದ್ದ ಬೀದರಿನ ರೂಮ್‌ಮೇಟ್ ಕೆಣಕುತ್ತಿದ್ದಳು, “ನಿನ್ನ ಹುಲ್ಲಿಗಿ ಯಾವ ಕಂಪನಿಯವ್ರು ನೌಕರಿ ಕೊಡ್ತಾರ?”

ಅವಳು ಹುಲ್ಲೆನ್ನುತ್ತಿದ್ದದ್ದು ಬಂಡೆಯ ತಗ್ಗುಗಳಲ್ಲಿ ನಿಂತ ಚೂರು ಮಣ್ಣಿನಲ್ಲಿ ಬೆಳೆಯುವ, ಗೇಣುದ್ದದ ನೇರಳೆ ಹೂವಿನ ಗಿಡ. ಎದುರುಬದುರಿನ ಎರಡು ಕಲ್ಲುಗುಡ್ಡಗಳ ಮೇಲೆ ಅದಿತ್ತು, ನಡುವಿನ ಬಯಲಿನಲ್ಲಿ ಒಂದೂ ಇರಲಿಲ್ಲ. ಅದರ ಬೀಜ ತಾಯಿಯ ಬುಡದಲ್ಲೇ ಉದುರುತ್ತದೆ. ಹೂವಿಗೆ ಬರುವ ಸಣ್ಣ ಜೇನು ಬಯಲು ದಾಟುವುದಿಲ್ಲ. ಹೀಗಾಗಿ ಎಷ್ಟೋ ತಲೆಮಾರುಗಳಿಂದ ಒಂದು ಗುಡ್ಡದ ಗಿಡ ಇನ್ನೊಂದರ ಜತೆ ಕೂಡಿರಲಿಲ್ಲ. ಹೂ ಬಿಡುವ ಹೊತ್ತಿಗೆ ದೊಡ್ಡ ಗುಡ್ಡದ ಗಿಡಗಳ ಕಾಂಡ ನುಣುಪಾಗಿಯೇ ಇರುತ್ತಿತ್ತು, ಸಣ್ಣ ಗುಡ್ಡದವಕ್ಕೆ ಬಿಳಿ ರೋಮ ಬರುತ್ತಿತ್ತು. ಇದು ಮಣ್ಣು ಬಿಸಿಲಿನ ಗುಣವೋ, ವಂಶವೇ ಬೇರೆಯಾಗಿದೆಯೋ? ಎರಡರ ಸಸಿಗಳನ್ನೂ ಒಂದೇ ಮಣ್ಣಿನ ಕುಂಡಗಳಲ್ಲಿ ಬೆಳೆಸಿದರೆ ತಿಳಿಯುತ್ತಿತ್ತು. ಅಷ್ಟರಲ್ಲಿ ಸಣ್ಣ ಗುಡ್ಡವನ್ನು ಒಡೆಯಲು ಶುರುಮಾಡಿದರು.

ಒಂದು ದಿನ ಎರಡೂ ಗುಡ್ಡಗಳ ಸಸಿಗಳನ್ನು ಬೇರೆ ಬೇರೆ ಒದ್ದೆ ಗೋಣಿಗಳಲ್ಲಿ ಕಟ್ಟಿ, ಕೂಲಿಯವರ ಶೆಡ್ಡಿನ ನೆರಳಿನಲ್ಲಿಟ್ಟು ಆಟೋ ಕರೆಯಲು ಹೋದೆ. ಮರಳಿ ಬಂದರೆ, ಅಲ್ಲಿ ಕಲ್ಲು ಹೊರುತ್ತಿದ್ದ ಯಾದಗಿರಿ ಕಡೆಯ ಹೆಂಗಸು ಎರಡನ್ನೂ ಬಿಚ್ಚಿ, ಬೇರಿಗೆ ಕೆಸರು ಮೆತ್ತಿ, ಒಂದೇ ಕಟ್ಟು ಮಾಡಿ ಬುಟ್ಟಿಯಲ್ಲಿ ನಿಲ್ಲಿಸಿದ್ದಳು. ಅವಳ ಊರಿನಲ್ಲಿ ಮೆಣಸಿನ ಸಸಿಯನ್ನು ನಾಟಿಗೆ ಒಯ್ಯುವುದು ಹಾಗೆಯೇ.

“ಗೋಣ್ಯಾಗ ಕುದ್ದು ಹೋಗ್ತಿದ್ವು ಅಕ್ಕಾರ. ಇನ್ನ ಬಾಡಂಗಿಲ್ಲ ನೋಡ್ರಿ.”

“ಯಕ್ಕಾ, ಇದರಾಗ ಆ ಗುಡ್ಡದ್ದು ಯಾವುದು, ಈ ಗುಡ್ಡದ್ದು ಯಾವುದು?”

ಅವಳು ಕಟ್ಟನ್ನು ತಿರುಗಿಸಿ ನೋಡಿದಳು. “ಎಲ್ಲಾ ಒಂದ ತಾಯಿ ಮಕ್ಕಳಂಗ ಅದಾವಲ್ರಿ. ಲಗ್ನಕ್ಕ ಕುಲಾ ನೋಡಾಕತ್ತೀರೇನು?”

ಸಿಟ್ಟಿಗೆ ನನಗೆ ಅಳುವೇ ಬಂತು. ದೊಡ್ಡ ಗುಡ್ಡಕ್ಕೆ ಮತ್ತೆ ಹೋಗಬಹುದು. ಸಣ್ಣ ಗುಡ್ಡದಲ್ಲಿ ಉಳಿದದ್ದು ನೆತ್ತಿಯ ಒಂದೇ ತಗ್ಗು. ಅದರ ಆಚೆ ಬದಿಯ ಕುಳಿಗಳಿಗೆ ಸಿಡಿಮದ್ದು ತುಂಬಿಯಾಗಿತ್ತು. ನೆತ್ತಿಯತ್ತಲೇ ನೋಡುತ್ತಿದ್ದ ನನ್ನ ಮುಖ ನೋಡಿ ಅವಳು ಗುಡ್ಡ ಹತ್ತಲು ಹೊರಟೇಬಿಟ್ಟಳು. “ನೀವಿಲ್ಲೇ ನಿಲ್ರಿ. ಊಟಕ್ಕ ಎಲ್ಲಾರೂ ಕೆಳಗ ಇಳಿಯೋತನಕ ಹಾರಸಂಗಿಲ್ಲ.”

ಅದು ಅಲ್ಲಿನ ವಾಡಿಕೆ. ಆದರೆ ಅಂದು ಯಾರೋ ದೊಡ್ಡವರು ಜಾಗ ನೋಡಲು ಬರುವವರಿದ್ದರಂತೆ, ಮೇಸ್ತ್ರಿಗೆ ಅವಸರ. ಅವಳು ನೆತ್ತಿ ತಲುಪುವಾಗ ಮದ್ದು ಹಾರಿಸುವ ಸೀಟಿ ಊದಿದರು. ನಾನು ಕೂಗಿದೆ, ಕಂಪ್ರೆಸರ್ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಸೀರೆಯ ಮೇಲೆ ಗಂಡನ ಅಂಗಿ ತೊಟ್ಟ ಆ ಬೆನ್ನು ಬಾಗಿ ಸಸಿ ಕೀಳುತ್ತಿತ್ತು. ನೆಲ ನಡುಗಿತು. ಆಮೇಲೆ ಬರೀ ಧೂಳು, ತಗಡಿನ ಮೇಲೆ ಕಲ್ಲು ಬೀಳುವ ಸದ್ದು. ಇಂದಿಗೂ ನಾನು ಮನಸ್ಸಿನಲ್ಲೇ ಆ ಬೆನ್ನನ್ನು ಕೂಗುತ್ತೇನೆ. ಒಮ್ಮೆಯೂ ಅದು ತಿರುಗುವುದಿಲ್ಲ.

ಅವಳು ಧೂಳಿನಿಂದ ನಡೆದೇ ಬಂದಳು, ಒಂದು ಕೈ ಕಿವಿಯ ಮೇಲೆ, ಇನ್ನೊಂದರ ಮುಷ್ಟಿಯಲ್ಲಿ ಸಸಿಗಳು. ಮೇಸ್ತ್ರಿ ಬೈದದ್ದು ಅವಳನ್ನೇ. “ಬಹಿರೀ ಹೈ ಕ್ಯಾ?” ಕಿವುಡಿಯೇನು ಎಂದು ಕೇಳಿದ್ದು ಅವಳಿಗೆ ಕೇಳಿಸಲೂ ಇಲ್ಲ.

ಆ ಸಸಿಗಳಲ್ಲಿ ಹೆಚ್ಚಿನವುಗಳ ಬೇರು ತುಂಡಾಗಿತ್ತು. ಕುಂಡದಲ್ಲಿ ಉಳಿದದ್ದು ಒಂದು. ಹೂ ಬಿಟ್ಟಾಗ ಅದರ ಕಾಂಡದ ತುಂಬ ಬಿಳಿ ರೋಮ, ಅದೇ ಮಣ್ಣಿನಲ್ಲಿದ್ದ ದೊಡ್ಡ ಗುಡ್ಡದ ಗಿಡಗಳದ್ದು ನುಣುಪು. ಕುಣಿದಾಡುತ್ತಾ ಗೈಡ್ ಬಳಿ ಒಯ್ದೆ. ಒಂದು ಗಿಡದಿಂದ ಇಡೀ ಗುಡ್ಡದ ಮಾತು ಹೇಳಲಾಗದು, ಆ ಅಧ್ಯಾಯ ಬಿಡು ಎಂದರು. ಅವರು ಹೇಳಿದ್ದು ಸರಿಯೇ ಆಗಿತ್ತು, ನನ್ನನ್ನು ಇನ್ನೂ ಉರಿಸುವುದು ಅದೇ.

ನಾನು ಮತ್ತೆ ಹೋದಾಗ ಗುಡ್ಡದ ಜಾಗದಲ್ಲಿ ಪಾಯದ ಗುಂಡಿಯಿತ್ತು. ಅವಳು ಅಂಚಿನಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದಳು.

“ಏನಾತ್ರಿ ಅಕ್ಕಾರ? ಬ್ಯಾರೆ ಅದಾವೇನು?”

“ಒಂದ ಉಳೀತು ಯಕ್ಕಾ. ಒಂದರಿಂದ ಏನೂ ಹೇಳಾಕ ಬರಂಗಿಲ್ಲಂತ.”

ಅವಳಿಗೆ ಕೇಳಿಸಲಿಲ್ಲ. ಇನ್ನೊಂದು ಕಿವಿಯನ್ನು ನನ್ನತ್ತ ತಿರುಗಿಸಿದಳು.

“ಬ್ಯಾರೇನ ಅದಾವ,” ಎಂದು ಕೂಗಿ ಹೇಳಿದೆ.

“ಹಂಗಾರ ಮ್ಯಾಲ ಹೋಗಿದ್ದು ಚೊಲೋ ಆತು,” ಎಂದು ಅರ್ಧ ರೊಟ್ಟಿ ಮುರಿದು ನನ್ನ ಕೈಗಿಟ್ಟಳು.