ನೊಗದ ಇನ್ನೊಂದು ತುದಿ

೧೮೯೪ನೆಯ ಇಸವಿಯಲ್ಲಿ ನಾನು ತಮಿಳು ಸೀಮೆಯ ಮಧುರೆ ಜಿಲ್ಲೆಯಲ್ಲಿ, ಕಂಬಂ ಕಣಿವೆಯ ಸಂಚಾರಿ ಹಾಸ್ಪಿಟಲ್ ಅಸಿಸ್ಟೆಂಟ್ ಆಗಿದ್ದೆ. ಹೆಸರು ಕೇಳಿ ಯಾರೂ ದೊಡ್ಡ ಡಾಕ್ಟರೆಂದು ತಿಳಿಯಬಾರದು. ಜ್ವರಕ್ಕೆ ಕ್ವಿನೈನ್ ಕೊಡುವುದು, ಗಾಯ ತೊಳೆದು ಕಟ್ಟುವುದು, ಸಿಡುಬಿಗೆ ದಾಕು ಹಾಕುವುದು, ವಾಂತಿಭೇದಿ ಕಂಡ ಊರಿನಲ್ಲಿ ನೀರು ಕುದಿಸಿ ಕುಡಿಯಿರೆಂದು ಗಂಟಲು ಹರಿದುಕೊಳ್ಳುವುದು, ನಮ್ಮ ಪಾಲಿಗೆ ಇದ್ದದ್ದು ಇಷ್ಟೇ. ಶಸ್ತ್ರ ಹಿಡಿಯುವ ಕೆಲಸ ಸರ್ಜನ್ನರದು.

ಊರೂರು ತಿರುಗುವ ಕೆಲಸವಾದ್ದರಿಂದ ನಮಗೆ ಮನೆ ಎಂಬುದು ಇರಲಿಲ್ಲ. ಬಿದಿರು ತಟ್ಟಿಯ ಕಮಾನು ಕಟ್ಟಿದ ಒಂದು ಎತ್ತಿನ ಬಂಡಿಯೇ ನನಗೂ ನನ್ನ ಹೆಂಡತಿ ಸುಬ್ಬಮ್ಮನಿಗೂ ಮನೆ, ಅಡುಗೆಕೋಣೆ, ಔಷಧಾಲಯ ಎಲ್ಲವೂ. ಔಷಧಿ ಪೆಟ್ಟಿಗೆಗಳನ್ನು ಜೋಡಿಸಿ ಮೇಲೆ ಚಾಪೆ ಹಾಸಿದರೆ ಮಂಚ. ಬಟ್ಟೆ ಗಂಟೇ ತಲೆದಿಂಬು. ಬಂಡಿಯ ಅಡಿಯಲ್ಲಿ ನೇತುಹಾಕಿದ ಬಲೆಯಲ್ಲಿ ಮಡಕೆ, ಸೌಟು, ಒಣಸೌದೆ. ಯಾವ ವಸ್ತು ತರಬೇಕಾದರೂ ಯಾವುದನ್ನು ಇಳಿಸುವುದೆಂದು ಮೊದಲು ಜಗಳವಾಗಬೇಕು. ಒಂದು ಅರೆಯುವ ಕಲ್ಲಿಗಾಗಿ ಸುಬ್ಬಮ್ಮ ನನ್ನೊಡನೆ ಮಾತು ಬಿಟ್ಟಿದ್ದುಂಟು. ಕಲ್ಲು ಬಂಡಿ ಏರಿತು, ನನ್ನ ಪುಸ್ತಕಗಳು ಪೆರಿಯಕುಳಂನಲ್ಲಿದ್ದ ಅಣ್ಣನ ಮನೆಗೆ ಹೋದವು. ಒಳ್ಳೆಯ ಚಟ್ನಿ ತಿಂದವನು ನಾನೇ ಆದ್ದರಿಂದ ದೂರುವ ಹಾಗಿಲ್ಲ.

ಆ ಬೇಸಿಗೆಯಲ್ಲಿ ಕಣಿವೆಗೆ ದೊಡ್ಡರೋಗ ಬಂತು. ದನಗಳ ಬಾಯಿ ಹುಣ್ಣಾಗಿ, ಭೇದಿಯಾಗಿ, ಕೆಲವೇ ದಿನಗಳಲ್ಲಿ ಕೊಟ್ಟಿಗೆಗಳು ಬರಿದಾಗುವ ಕಾಯಿಲೆ ಅದು. ಉಳಿದ ಎತ್ತುಗಳೆಲ್ಲ ಪೆರಿಯಾರ್ ಅಣೆಕಟ್ಟಿನ ಕೆಲಸಕ್ಕೆ ಸುಣ್ಣ ಹೊತ್ತು ಘಟ್ಟ ಹತ್ತಿದ್ದವು. ನನ್ನ ಜೋಡಿಯಲ್ಲಿ ಒಂದು ಎತ್ತು ಕಂಬಂನ ಹೊರಗೆ ಸತ್ತುಹೋಯಿತು. ಬೂದ ಎಂಬ ಹಳೆಯ ಎತ್ತೊಂದು ಉಳಿಯಿತು. ಒಂಟಿ ಎತ್ತಿನ ಬಂಡಿಯನ್ನು ಹುಣಸೆಮರದಡಿ ನಿಲ್ಲಿಸಿಕೊಂಡು ಕೈಕಟ್ಟಿ ಕುಳಿತಿದ್ದೆವು.

ಹೀಗಿರುವಾಗ ಒಂದು ಬೆಳಿಗ್ಗೆ ಕೆಂಚಪ್ಪ ಓಡುತ್ತ ಬಂದ. ಅವನೂ ನಮ್ಮಂತೆ ಕನ್ನಡ ಮನೆಮಾತಿನವನು. ದೇವರ ಆವು ಕಾಯುವವನು. ಹೊರಗಿನವರಿಗೆ ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಜನ ತಲೆಮಾರುಗಳಿಂದ ದೇವರಿಗೆಂದು ಬಿಟ್ಟ ಒಂದು ದನದ ಮಂದೆ ಅಲ್ಲಿದೆ. ಹಸುವಾಗಲಿ ಹೋರಿಯಾಗಲಿ, ಅದರಲ್ಲಿರುವುದನ್ನೆಲ್ಲ ಆವು ಎಂದೇ ಕರೆಯುತ್ತೇವೆ. ಆ ಹಸುಗಳ ಹಾಲು ಕರೆಯುವುದಿಲ್ಲ, ಆ ಹೋರಿಗಳ ಮೇಲೆ ನೊಗ ಇಡುವುದಿಲ್ಲ. ಮಂದೆಯ ಮುಂದಾಳಾದ ಹೋರಿಗೆ ಪಟ್ಟದ ಆವು ಎಂದು ಹೆಸರು, ಅದಕ್ಕೆ ರಾಜಮರ್ಯಾದೆ. ರೋಗದ ಭಯಕ್ಕೆ ಕೆಂಚಪ್ಪ ಮಂದೆಯನ್ನು ಮೊದಲೇ ಬೆಟ್ಟದ ಬುಡಕ್ಕೆ ಹೊಡೆದುಕೊಂಡು ಹೋಗಿದ್ದರಿಂದ ಅವು ಉಳಿದಿದ್ದವು.

ಅವನ ಮಗಳು ನಾಗಮ್ಮ ಚೊಚ್ಚಲ ಬಸುರಿ. ಗಂಡ ಸುಣ್ಣದ ಬಂಡಿಯೊಡನೆ ಘಟ್ಟದ ಮೇಲಿದ್ದ. ನಮ್ಮ ಹುಣಸೆಮರದಿಂದ ಕೂಗಳತೆಯಲ್ಲಿದ್ದ ಅವನ ಗುಡಿಸಲಿಗೆ ನಾವು ಹೋದಾಗ ಅವಳು ಮಲಗಿದ್ದ ಚಾಪೆ ನೆತ್ತರಲ್ಲಿ ನೆನೆದಿತ್ತು. ನಾನು ಬಾಗಿಲ ಆಚೆ ನಿಂತು ಕೇಳಿದೆ, ಸುಬ್ಬಮ್ಮ ಒಳಗೆ ಪರೀಕ್ಷಿಸಿ ಹೇಳಿದಳು. ಮಗುವಿಗಿಂತ ಮುಂದೆ ಮಾಸು ಬಂದು ಗರ್ಭದ ಬಾಯಿಗೆ ಅಡ್ಡಲಾಗಿತ್ತು. ಪ್ಲಸೆಂಟಾ ಪ್ರೀವಿಯಾ ಎನ್ನುತ್ತಾರೆ. ಬಾಯಿ ತೆರೆದಷ್ಟೂ ನೆತ್ತರು ಹೋಗುತ್ತದೆ. ಕ್ಲೋರೋಫಾರ್ಮ್ ಕೊಟ್ಟು ಒಳಗೇ ಮಗುವನ್ನು ತಿರುಗಿಸಿ ಹೊರತೆಗೆಯಬೇಕು. ಅದು ನನಗೆ ಬರುತ್ತಿರಲಿಲ್ಲ. ಬಲ್ಲ ಸರ್ಜನ್ ಒಬ್ಬರು ಆ ವಾರ ಉತ್ತಮಪಾಳಯದಲ್ಲಿ ಬಿಡಾರ ಹೂಡಿದ್ದರು. ಆರು ಮೈಲಿ ದಾರಿ.

ಮಂಚದ ಮೇಲೆ ಹೊತ್ತುಕೊಂಡು ಹೋಗೋಣ ಎಂದರು ನೆರೆಯವರು. ಆದರೆ ಸುಬ್ಬಮ್ಮ ಬಟ್ಟೆ ಒತ್ತಿ ಹಿಡಿದ ಕೈಯನ್ನು ಸಡಿಲಿಸುವಂತಿರಲಿಲ್ಲ. ಅವಳೂ ರೋಗಿಯ ಜೊತೆಗೇ ಕೂರಬೇಕು. ಬಂಡಿಯೇ ಗತಿ. ಬಂಡಿಗೆ ಬೇಕಾದದ್ದು ಇನ್ನೊಂದು ಎತ್ತು. ಕಣ್ಣಳತೆಯಲ್ಲೇ, ಬೆಟ್ಟದ ಬುಡದಲ್ಲಿ, ಗಟ್ಟಿಮುಟ್ಟಾದ ಹೋರಿಗಳು ಹಾಯಾಗಿ ಮೇಯುತ್ತಿದ್ದವು.

"ಕೆಂಚಣ್ಣ, ಒಂದು ಹೋರಿ ಹಿಡಿದು ತಾ. ಬೂದ ಪಳಗಿದ ಎತ್ತು, ಅದರ ಜೊತೆ ಹೇಗೋ ನಡೆಯುತ್ತೆ," ಎಂದೆ.

ಅವನು ಕೈಮುಗಿದ. "ಅಯ್ಯಾ, ಆವ್ ಮ್ಯಾಲೆ ನೊಗ ಇಕ್ಕಕ್ಕಾಗಾದಿಲ್ಲ. ಅದು ನಮ್ದಲ್ಲ, ಸಾಮೀದು."

"ಮಗಳು ಯಾರದು?"

"ಮಗ್ಳು ನಂದು," ಎಂದ. "ಅದ್ಕೇ ನನ್ ಹೆಗ್ಲು ಇಕ್ತೀನಿ. ಬಂಡಿ ಕಟ್ಟು ಸಾಮಿ, ನಿನ್ ಕಾಲಿಗ್ ಬೀಳ್ತೀನಿ."

ಆ ಕ್ಷಣ ಅವನನ್ನು ಹೊಡೆದುಬಿಡಬೇಕು ಎನ್ನಿಸಿತು. ಮಧುರೆಯಲ್ಲಿ ವೈದ್ಯ ಓದಿ ಬಂದವನು ನಾನು. ಒಂದು ದನದ ಮಡಿಗಾಗಿ ಹೆತ್ತ ಮಗಳನ್ನು ಬಲಿ ಕೊಡುವವನೆಂದು ಹಲ್ಲು ಕಡಿದೆ. ಸುಬ್ಬಮ್ಮ ಒಳಗಿಂದಲೇ ಗದರಿದಳು: "ಏನ್ ನೋಡ್ಕೊಂಡ್ ನಿಂತಿದ್ದೀರಿ? ಪೆಟ್ಟಿ ಇಳಿಸಿ, ಕಲ್ಲು ಇಳಿಸಿ, ಎಲ್ಲಾ ಇಳಿಸಿ!"

ಇಳಿಸಿದೆವು. ಹೆಚ್ಚಿನದೇನೂ ಇಲ್ಲವೆಂದು ನಾವು ಅಂದುಕೊಂಡಿದ್ದ ಮನೆಯಿಂದ ಎಷ್ಟೊಂದು ಸಾಮಾನು ಹೊರಬಂತು! ಅರೆಯುವ ಕಲ್ಲು, ಮಡಕೆ, ದಾಕಿನ ಪೆಟ್ಟಿಗೆ, ಬಟ್ಟೆ ಗಂಟು ಎಲ್ಲ ಹುಣಸೆಮರದಡಿ ರಾಶಿಬಿತ್ತು. ಬಿಸಿಲಿಗೆಂದು ಕಮಾನನ್ನು ಮಾತ್ರ ಉಳಿಸಿದೆವು. ನಾಗಮ್ಮನನ್ನು ತಲೆ ತಗ್ಗಿ ಕಾಲು ಎತ್ತರವಾಗುವಂತೆ ಮಲಗಿಸಿದೆವು.

ನೊಗದ ಒಂದು ತುದಿಗೆ ಬೂದ, ಇನ್ನೊಂದು ತುದಿಗೆ ಕೆಂಚಪ್ಪ. ಹಿಂದಿನಿಂದ ನೂಕಲು ನಾನೂ ಅವನ ದಾಯಾದಿಗಳೂ. ಬೂದ ಮೊದಲು ಬೆದರಿ ಕತ್ತು ಒದರಿತು. ಕೆಂಚಪ್ಪ ದನದ ಜೊತೆಗೇ ಬಾಳಿದವನಲ್ಲವೇ, ಅದರ ಕಿವಿಯಲ್ಲಿ ಏನೋ ಅಂದ. ಅದು ಅವನ ಹೆಜ್ಜೆಗೆ ಹೆಜ್ಜೆ ಸೇರಿಸಿತು. ಕಾಲುವೆ ಬಂದಲ್ಲೆಲ್ಲ ಚಕ್ರ ಹೂತುಕೊಳ್ಳುತ್ತಿತ್ತು. ಬೇರೆಯವರು ಹೆಗಲು ಬದಲಿಸಲು ಬಂದರೆ ಕೆಂಚಪ್ಪ ಸ್ವಲ್ಪ ಹೊತ್ತು ಕೊಟ್ಟು ಮತ್ತೆ ಕಿತ್ತುಕೊಳ್ಳುತ್ತಿದ್ದ. ಬಂಡಿಯ ಹಲಗೆಯ ಸಂದಿಯಿಂದ ನೆತ್ತರು ದೂಳಿನ ಮೇಲೆ ತೊಟ್ಟಿಕ್ಕುತ್ತಿತ್ತು. ಹಿಂದೆ ನೂಕುತ್ತಿದ್ದ ನಾನು ಅದನ್ನು ತುಳಿಯುತ್ತಲೇ ನಡೆಯಬೇಕಾಯಿತು. ಅರ್ಧ ದಾರಿಯಲ್ಲಿ ನಾಗಮ್ಮನ ನರಳಾಟ ನಿಂತಿತು. "ನಾಡಿ ಸಿಗ್ತಾ ಇಲ್ಲ," ಎಂದಳು ಸುಬ್ಬಮ್ಮ. ನಾನು ಹತ್ತಿ ನೋಡಿದೆ. ಸಿಕ್ಕಿತು, ಆದರೆ ನೂಲಿನಷ್ಟು. ಎಲ್ಲ ಮುಗಿಯಿತೆಂದೇ ಅನ್ನಿಸಿತು. ಕೆಂಚಪ್ಪ ತಿರುಗಿ ನೋಡಲಿಲ್ಲ, ಏನಾಯಿತೆಂದು ಕೇಳಲೂ ಇಲ್ಲ. ಕೇಳಿದ್ದರೆ ಅವನ ಕಾಲು ನಿಂತುಬಿಡುತ್ತಿತ್ತೋ ಏನೋ.

ನಾವು ತಲುಪಿದಾಗ ಹೊತ್ತು ನೆತ್ತಿ ದಾಟಿತ್ತು. ಸರ್ಜನ್ ದೊರೆ ಊಟದ ತಟ್ಟೆ ಬಿಟ್ಟು ಎದ್ದರು. ಡೇರೆಯೊಳಗೆ ಕ್ಲೋರೋಫಾರ್ಮ್ ಹನಿಸಿದವನು ನಾನೇ. ಮಗು ಹೊರಬಂತು. ಗಂಡು. ಉಸಿರಿರಲಿಲ್ಲ. ಸ್ವಲ್ಪ ಮುಂಚೆ ಬಂದಿದ್ದರೆ ಬದುಕುತ್ತಿತ್ತೇ ಎಂದು ಕೇಳಿದೆ. ಅವರು ಕೈ ತೊಳೆಯುತ್ತ, ಇರಬಹುದು, ಎಂದರು. ಆ ಒಂದು ಮಾತು ಹಿಡಿದುಕೊಂಡು ನಾನು ಉರಿಯುತ್ತ ಹೊರಬಂದೆ. ಕೆಂಚಪ್ಪನ ಹೆಗಲ ಚರ್ಮ ಕಿತ್ತು ಮಾಂಸ ಕಾಣುತ್ತಿತ್ತು. ಮಗುವಿನ ವಿಷಯ ಹೇಳಿದೆ. ಅವನು ನೆಲಕ್ಕೆ ಕುಸಿದು, ದನಿಯೆತ್ತದೆ ಅತ್ತ. ಬಯ್ಯಲೆಂದು ಬಂದ ನಾನು ಅವನ ಹೆಗಲು ತೊಳೆದು ಪಟ್ಟಿ ಕಟ್ಟಿದೆ.

ನಾಗಮ್ಮ ಉಳಿದಳು. ಎರಡನೆಯ ದಿನ ಅವಳಿಗೆ ಸರಿಯಾಗಿ ಎಚ್ಚರ ಬಂತು. ಮಗುವಿನ ವಿಷಯವನ್ನು ಸುಬ್ಬಮ್ಮನೇ ಮೆಲ್ಲಗೆ ತಿಳಿಸಿದಳು. ಅವಳು ಪಕ್ಕದಲ್ಲಿ ಕೂತಿದ್ದ ಅಪ್ಪನತ್ತ ತಿರುಗಿದಳು. ಅವಳ ಕಣ್ಣಲ್ಲಿ ಅಳುವಿಗಿಂತ ದೊಡ್ಡದೊಂದು ಭಯ ಕಂಡಿತು.

"ಅಪ್ಪಾ, ನಂಗೋಸ್ಕರ ಆವ್ನ ಬಂಡಿಗ್ ಕಟ್ಟಿದ್ಯಾ?"

"ಇಲ್ಲ ತಾಯಿ. ನಾವೇ ಎಳ್ಕೊಂಡ್ ಬಂದ್ವಿ." ಕೆಂಚಪ್ಪ ಪಟ್ಟಿ ಕಟ್ಟಿದ ಹೆಗಲನ್ನು ಅವಳತ್ತ ತಿರುಗಿಸಿದ.

ಅವಳು ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಹಂಗಾದ್ರೆ ನಾನ್ ಊರ್ಗೆ ಬರ್ಬೋದು," ಎಂದಳು. ಅದಾದ ಮೇಲೆಯೇ ಅವಳಿಗೆ ಮಗುವಿಗಾಗಿ ಅಳು ಬಂದದ್ದು.

ನಾನು ಡೇರೆಯ ಹೊರಗೆ ಹೋಗಿ ನಿಂತೆ. ಆ ಹೋರಿಯನ್ನು ಕಟ್ಟಿದ್ದರೆ ಮಗು ಉಳಿಯುತ್ತಿತ್ತೇನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಉಳಿದಿದ್ದರೂ, ದೇವರ ಆವಿಗೆ ನೊಗ ಇಡಿಸಿದವಳೆಂಬ ಮಾತನ್ನು ಹೊತ್ತು ಆ ಹೆಂಗಸು ಯಾವ ಬಾವಿಯಲ್ಲಿ ನೀರು ಸೇದುತ್ತಿದ್ದಳು, ಯಾರ ಅಂಗಳದಲ್ಲಿ ಆ ಮಗುವನ್ನು ಆಡಿಸುತ್ತಿದ್ದಳು? ನಾನು ಅವಳ ಜೀವ ಉಳಿಸಬೇಕೆಂದು ಹೊರಟಿದ್ದೆ. ಆ ಜೀವ ಮರಳಿ ಎಲ್ಲಿಗೆ ಹೋಗಬೇಕೆಂಬುದನ್ನು ಅವಳಪ್ಪ ಯೋಚಿಸಿದ್ದ. ಅದಕ್ಕೆ ತೆತ್ತದ್ದೂ ಅವನೇ, ಮೊಮ್ಮಗನನ್ನು ತೆತ್ತ.

ಆಮೇಲೆ ಡಿಂಡಿಗಲ್‌ನಲ್ಲೂ ಬೇರೆ ಕಡೆಗಳಲ್ಲೂ ಬಹಳ ವರ್ಷ ಕೆಲಸ ಮಾಡಿದೆ. ನಾಡಿ ಹಿಡಿದಾಗ, ನಾಲಿಗೆ ನೋಡಿದಾಗ, ರೋಗಿಯನ್ನು ಇನ್ನೊಂದು ಪ್ರಶ್ನೆ ಕೇಳುವುದು ನನಗೆ ಅಭ್ಯಾಸವಾಯಿತು: ವಾಸಿಯಾದ ಮೇಲೆ ನೀನು ಯಾರ ನಡುವೆ ಹೋಗಿ ಬದುಕಬೇಕು?