ಯಮುನಾಬಾಯಿ ಕೇಳೂದು ಬಿಟ್ಟ ಪ್ರಶ್ನಿ

ನಮ್ಮ ಕಡೆ ಮಂದಿಗೆ ಒಂದು ಚಾಳಿ ಐತಿ. ಜೀವ ಹೋಗಾಕತ್ತಿದ್ರೂ ಹ್ಯಾಂಗದೀರಿ ಅಂತ ಕೇಳ್ರಿ, ಆರಾಮ ಅದೇವ್ರಿ ಅಂತಾರ. ಕೇಳಿದವರು ದೊಡ್ಡ ಮನಷ್ಯಾರಾಗಿದ್ರಂತೂ ಮುಗದ ಹೋತು, ಅವರ ಮುಂದ ಬ್ಯಾನಿ ಹೇಳಿಕೊಳ್ಳೂದು ಮರ್ಯಾದಿ ಅಲ್ಲ ಅಂತ ತಿಳದಾರ.

ಈ ಚಾಳಿ ಮ್ಯಾಲೆ ಯಮುನಾಬಾಯಿಗೆ ಸಿಟ್ಟು ನೆತ್ತಿಗೇರಿದ್ದು ಎಪ್ಪತ್ತಾರನೇ ಇಸವಿಯೊಳಗ. ಮಡಿ ಮನಿತನದ ಹೆಣ್ಣಮಗಳು, ಕಂಡವರ ರಕ್ತ ಬಳೀತಾಳ ಅಂತ ಸ್ವಂತ ಅತ್ತಿ ಅಡಗಿಮನಿಗೆ ಬಿಟ್ಟಕೊಳ್ಳಲಿಲ್ಲ. ಅದಕ್ಕೆಲ್ಲ ಸೊಪ್ಪು ಹಾಕದೇ, ಸವಣೂರಿನ ಒಂದು ದವಾಖಾನ್ಯಾಗ ನರ್ಸ್ ಆಗಿದ್ಳು. ಅಲ್ಲಿ ಯಲವಿಗಿಯ ಗುತ್ತೆವ್ವ ಹಡದು ಮಲಗಿದ್ಳು. ಮುಂಜಾನೆ ಕೇಳಿದ್ರೂ ಆರಾಮ, ಮಧ್ಯಾಹ್ನ ಕೇಳಿದ್ರೂ ಆರಾಮ. ಸಂಜಿಕ ಕೌದಿ ಸರಿಸಿ ನೋಡಿದ್ರ ಹಾಸಿಗಿ ತುಂಬ ರಕ್ತ. ಗುತ್ತೆವ್ವ ಉಳೀಲಿಲ್ಲ.

ಅವತ್ತಿನಿಂದ ಹ್ಯಾಂಗದೀರಿ ಅನ್ನೂದನ್ನ ಬಿಟ್ಟಬಿಟ್ಟಳು. ನಿನ್ನೆ ಇಲ್ಲದ್ದು ಇವತ್ತು ಏನು ಬಂದೈತಿ ಅಂತ ಕೇಳಾಕತ್ತಿದ್ಳು. ನಿಮ್ಮ ಮೈ ಸುದ್ದಿ ನಿಮಗ ಮೊದಲ ತಿಳಿತೈತಿ, ಒಂದೀಟು ಹೆಚ್ಚುಕಮ್ಮಿ ಆದ್ರ ಕರೀರಿ, ಬೈಯಂಗಿಲ್ಲ ಅಂತ ಪ್ರತಿ ಪೇಶಂಟಿಗೂ ಹೇಳಿ ಹೇಳಿ ಗಂಟಲು ಹರಕೊಂಡ್ಳು. ಡಾಕ್ಟರ್ ಶ್ರೀಪಾದರಾಯರು, ಇನ್ನ ಸೊಳ್ಳಿ ಕಡದ್ರೂ ಕರೀತಾರ ನೋಡ್ರಿ ಅಂತ ನಕ್ಕರು. ಕರೀಲೇಳ್ರಿ, ನಾನ ಹೋಗ್ತೇನಿ ಅಂದ್ಳು ಯಮುನಾಬಾಯಿ.

ಮುಂದಿನ ವರ್ಷ ಹತ್ತಿಮತ್ತೂರಿನ ಚೌಡವ್ವ ಹೊಟ್ಟಿ ಆಪರೇಶನ್ ಮಾಡಿಸಿಕೊಂಡಿದ್ಳು. ಅವತ್ತು ಮನಿಗೆ ಕಳಸೂ ದಿವಸ. ಹೊರಗ ಚಕ್ಕಡಿ ತಯಾರಿತ್ತು. ಡಾಕ್ಟರ್ ಬಂದು ಹ್ಯಾಂಗದೀಯವ್ವ ಅಂದ್ರು. ಆಕಿ ಬಾಯಿ ತೆಗೆಯೂದರೊಳಗ ಅಣ್ಣ ಭರಮಪ್ಪ ಕೈಮುಗದು, ನಿಮ್ಮ ದಯಾ ಸಾಹೇಬ್ರ, ಆರಾಮ ಅದಾಳ ಅಂದ. ಡಾಕ್ಟರ್ ಕಳಸೂ ಚೀಟಿ ಬರಿಯಾಕ ಪೆನ್ನು ತೆಗೆದ್ರು. ಚೌಡವ್ವ ಚಾದರ ಬಿಗಿಯಾಗಿ ಹಿಡಕೊಂಡಿದ್ದನ್ನ ಯಮುನಾಬಾಯಿ ನೋಡಿದ್ಳು.

"ಭರಮಪ್ಪ, ನೀವ್ ಸುಮ್ನಿರ್ರಿ. ಚೌಡವ್ವಾ, ನಿನ್ನ ಕೇಳಾಕತ್ತೇನಿ. ನಿನ್ನೆ ಇಲ್ಲದ್ದು ಏನರ ಬಂದೈತೇನು?"

ಚೌಡವ್ವ ಅಣ್ಣನ ಮಾರಿ ನೋಡಿದ್ಳು. ಅವ ಕಣ್ಣು ಕೆಂಪಗ ಮಾಡಿಕೊಂಡು ನಿಂತಿದ್ದ. ಆಕಿ ಹೆದರಿದ್ಳು ಖರೆ, ಆದ್ರೂ ಹೇಳಿದ್ಳು.

"ಹೊಟ್ಟಿ ಕಲ್ಲಾಗೈತ್ರಿ ಬಾಯಾರ. ನಸಿಕಿನಿಂದ ಮೈ ನಡಗಾಕತ್ತೈತಿ. ನಾ ಇವತ್ತು ಮನಿಗೆ ಹೋಗಂಗಿಲ್ಲ."

ಡಾಕ್ಟರ್ ಹೊಟ್ಟಿ ಮುಟ್ಟಿ ನೋಡಿದ್ರು, ಮಾರಿ ಗಂಭೀರಾತು. ಪೆನ್ನು ಕಿಸೆದಾಗಿಟ್ಟು ಆಗಿಂದಾಗ ಆಪರೇಶನ್ ಖೋಲಿಗೆ ಒಯ್ಯಾಕ ಹಚ್ಚಿದ್ರು. ಒಳಗ ಕೀವು ತುಂಬಿತ್ತು. ಇವತ್ತು ಊರಿಗೆ ಹೋಗಿದ್ರ ಉಳೀತಿದ್ದಿಲ್ಲ ಅಂತ ಹೊರಗ ಬಂದು ಡಾಕ್ಟರೇ ಹೇಳಿದ್ರು. ಸಾಹೇಬ್ರ ಮುಂದ ತಂಗಿ ನನ್ನ ಮಾತು ತಗದಹಾಕಿದಳಲ್ಲ ಅಂತ ಗೊಣಗತಿದ್ದ ಭರಮಪ್ಪ ಗೋಡಿಗೆ ಆನಿಕೊಂಡು ಅತ್ತ. ಚಕ್ಕಡಿಯಿಂದ ಎತ್ತು ಬಿಚ್ಚಿ ನೀರು ಕುಡಸಿ ಬರ್ರಿ, ತಂಗಿ ಉಳದಾಳ ಅಂತ ಯಮುನಾಬಾಯಿ ಅವನನ್ನ ಕಳಿಸಿದ್ಳು.

ವಾರ್ಡಿನ್ಯಾಗ ಎಲ್ಲಾರೂ ಇದನ್ನ ನೋಡಿದ್ರು. ಸಂಜಿಕ ಬಾಜೂ ಕಾಟಿನ ಖತೀಜಾಬಿ, ಬಂದಾಗಿಂದ ಬಾಯಿ ಬಿಡದ ಮುದುಕಿ, ಯಮುನಾಬಾಯಿ ಸೆರಗು ಹಿಡದು ನಿಲ್ಲಿಸಿದ್ಳು. ನಿನ್ನೆಯಿಂದ ಎದಿ ಬಿಗಿ ಹಿಡದೈತಿ, ನನ್ನ ಮಗನಿಗೂ ಹೇಳಿಲ್ಲ ಅಂದ್ಳು. ಯಮುನಾಬಾಯಿ ಡಾಕ್ಟರಿಗೆ ಹೇಳಿಕಳಿಸಿ, ಕಾಟಿನ ಮ್ಯಾಲೆ ಕುಂತು ಮುದುಕಿಯ ನಾಡಿ ಹಿಡದ್ಳು.